ದೂರದ ಓಡಾಟಕ್ಕೆ ಒಗ್ಗುವ ಪಾಡ್‌ಕಾಸ್ಟ್‌ಗಳು: ಒಂದು ಹೋಲಿಕೆ

ಕೆಲಸಕ್ಕೆ ಹೋಗಿಬರುವುದರಲ್ಲಿಯೇ ದಿನಕ್ಕೆ ಒಂದೂವರೆ, ಎರಡು ಗಂಟೆ ಕಳೆಯುವವರು ಪಾಡ್‌ಕಾಸ್ಟ್ ಆರಿಸುವಾಗ ಸಾಮಾನ್ಯವಾಗಿ ವಿಷಯವನ್ನಷ್ಟೇ ನೋಡುತ್ತಾರೆ. ಇತಿಹಾಸ ಇಷ್ಟಪಡುವವರು ಇತಿಹಾಸದ ಪಟ್ಟಿ ತೆರೆಯುತ್ತಾರೆ, ಪತ್ತೇದಾರಿ ಇಷ್ಟಪಡುವವರು ಅಪರಾಧದ ಪಟ್ಟಿ ತೆರೆಯುತ್ತಾರೆ, ಮೇಲಿರುವ ನಾಲ್ಕಾರನ್ನು ಡೌನ್‌ಲೋಡ್ ಮಾಡಿಕೊಳ್ಳುತ್ತಾರೆ. ಕೆಲವೇ ದಿನಗಳಲ್ಲಿ ಅವುಗಳಲ್ಲಿ ಹೆಚ್ಚಿನವು ಅರ್ಧಕ್ಕೆ ನಿಂತಿರುತ್ತವೆ. ಮನೆಯಲ್ಲಿ ಸುಮ್ಮನೆ ಕುಳಿತು ಕೇಳಿದ್ದರೆ ಅದೇ ಕಾರ್ಯಕ್ರಮ ಬಹಳ ಹಿಡಿಸುತ್ತಿತ್ತೇನೋ. ಓಡಾಟದ ಹೊತ್ತಿನಲ್ಲಿ ಕಿವಿ ಬಿಡುವಾಗಿರುತ್ತದೆಯೇ ಹೊರತು ಮನಸ್ಸು ಪೂರ್ತಿ ಬಿಡುವಾಗಿರುವುದಿಲ್ಲ: ಯಾವ ನಿಲ್ದಾಣ ಬಂತೆಂದು ನೋಡಬೇಕು, ಇಳಿದು ಇನ್ನೊಂದು ವಾಹನ ಹತ್ತಬೇಕು, ನಡುವೆ ಬಂದ ಫೋನ್ ಕರೆಗೆ ಉತ್ತರಿಸಬೇಕು. ಹಾಗಾಗಿ ಈ ಹೋಲಿಕೆಗೆ ನಾನು ಇಟ್ಟುಕೊಂಡಿರುವ ಮುಖ್ಯ ಅಳತೆಗೋಲು ಒಂದೇ. ಮೂರು ನಿಮಿಷ ಗಮನ ಬೇರೆಡೆ ಹೋಗಿ ಮರಳಿದಾಗ ಆ ಕಾರ್ಯಕ್ರಮ ಕೇಳುಗನನ್ನು ಮತ್ತೆ ಒಳಗೆ ಬಿಟ್ಟುಕೊಳ್ಳುತ್ತದೆಯೇ, ಇಲ್ಲವೇ?

ಹಿಂದಕ್ಕೆ ಹೋಗುವ ಗುಂಡಿ ಇದೆಯಲ್ಲ ಎಂದು ಕೇಳಬಹುದು. ಒಂದು ಕೈಯಲ್ಲಿ ಚೀಲ, ಇನ್ನೊಂದು ಕೈಯಲ್ಲಿ ಮೇಲಿನ ಸರಳು ಹಿಡಿದು ನಿಂತವರಿಗೆ ಆ ಗುಂಡಿ ಇದ್ದೂ ಇಲ್ಲದಂತೆ. ವಾಹನ ಓಡಿಸುವವರಂತೂ ಅದರ ಗೊಡವೆಗೆ ಹೋಗಲೇಬಾರದು. ಈ ಅಳತೆಗೋಲು ಹಿಡಿದು ನೋಡಿದರೆ ಬಹಳ ಹೆಸರು ಮಾಡಿದ ಕೆಲವು ಕಾರ್ಯಕ್ರಮಗಳು ಹಿಂದೆ ಬೀಳುತ್ತವೆ, ಮೇಲ್ನೋಟಕ್ಕೆ ಸಪ್ಪೆ ಎನಿಸುವ ಕೆಲವು ಮುಂದೆ ಬರುತ್ತವೆ.

ಎಳೆ ಬಿಡುವಂತಿಲ್ಲದ ಕಥನಗಳು

2014ರ ಅಕ್ಟೋಬರ್‌ನಲ್ಲಿ ಆರಂಭವಾದ ‘ಸೀರಿಯಲ್’ ಪಾಡ್‌ಕಾಸ್ಟ್ ಎಂಬ ಮಾಧ್ಯಮಕ್ಕೇ ಹೊಸ ಕೇಳುಗರನ್ನು ತಂದುಕೊಟ್ಟ ಸರಣಿ. ಸಾರಾ ಕೇನಿಗ್ ನಿರೂಪಿಸಿದ ಮೊದಲ ಆವೃತ್ತಿಯಲ್ಲಿ 12 ಸಂಚಿಕೆಗಳಿವೆ; 1999ರಲ್ಲಿ ಅಮೆರಿಕದ ಬಾಲ್ಟಿಮೋರ್ ಪ್ರದೇಶದಲ್ಲಿ ನಡೆದ ಒಬ್ಬ ಶಾಲಾ ವಿದ್ಯಾರ್ಥಿನಿಯ ಕೊಲೆ ಮತ್ತು ಆ ಕೊಲೆಗಾಗಿ ಶಿಕ್ಷೆಗೊಳಗಾದ ಅವಳ ಹಿಂದಿನ ಗೆಳೆಯನ ಪ್ರಕರಣವನ್ನು ಅದು ಮತ್ತೆ ಕೆದಕುತ್ತದೆ. ಅದರ ಬಲ ಇರುವುದು ಸಣ್ಣ ಸಣ್ಣ ವಿವರಗಳಲ್ಲಿ. ಶಾಲೆ ಬಿಟ್ಟ ಮಧ್ಯಾಹ್ನ 2:15ರಿಂದ 2:36ರವರೆಗಿನ 21 ನಿಮಿಷಗಳಲ್ಲಿ ಆ ಹುಡುಗ ಎಲ್ಲಿದ್ದ ಎಂಬ ಒಂದು ಪ್ರಶ್ನೆಯ ಸುತ್ತ ನಿರೂಪಕಿ ಸಾಕ್ಷಿಗಳ ಹೇಳಿಕೆ, ಫೋನ್ ಕರೆಗಳ ದಾಖಲೆ, ಮೊಬೈಲ್ ಗೋಪುರಗಳ ಮಾಹಿತಿ ಎಲ್ಲವನ್ನೂ ಒಂದರ ಪಕ್ಕ ಒಂದಿಟ್ಟು ಪರೀಕ್ಷಿಸುತ್ತಾರೆ. ಯಾವ ಕರೆ ಎಷ್ಟು ಗಂಟೆಗೆ ಬಂತು, ಅದು ಏಕೆ ಮುಖ್ಯ ಎಂಬ ಮಾತು ಕಿವಿ ತಪ್ಪಿದರೆ ಮುಂದಿನ ಇಪ್ಪತ್ತು ನಿಮಿಷದ ತರ್ಕಕ್ಕೆ ತಳವೇ ಇರುವುದಿಲ್ಲ.

ಆದ್ದರಿಂದ ಇದು ಆಸನ ಸಿಕ್ಕಿ, ವಾಹನ ಬದಲಿಸುವ ಗೋಜಿಲ್ಲದೆ, ಮುಕ್ಕಾಲು ಗಂಟೆ ಒಂದೇ ಕಡೆ ಕೂರುವ ರೈಲು ಪ್ರಯಾಣಿಕರಿಗೆ ಹೇಳಿ ಮಾಡಿಸಿದ ಸರಣಿ. ಮೂರು ಕಡೆ ಇಳಿದು ಹತ್ತುವವರಿಗೆ ಅಷ್ಟೇನೂ ಒಗ್ಗದು. ಸಂಚಿಕೆಗಳ ಉದ್ದವೂ ಒಂದೇ ಸಮನಾಗಿಲ್ಲ. ಅರ್ಧ ಗಂಟೆಯ ಆಸುಪಾಸಿನವೂ ಇವೆ, ಗಂಟೆಯ ಹತ್ತಿರಕ್ಕೆ ಹೋಗುವವೂ ಇವೆ, ಆದ್ದರಿಂದ ಕುತೂಹಲದ ತುದಿಯಲ್ಲೇ ಇಳಿಯಬೇಕಾದ ಪ್ರಸಂಗ ಬಂದೇ ಬರುತ್ತದೆ. ಇನ್ನೂ ಒಂದು ಮಾತನ್ನು ಹೊಸದಾಗಿ ಕೇಳುವವರು ತಿಳಿದಿರಬೇಕು. ಸರಣಿ ಮುಗಿದ ಮೇಲೂ ಪ್ರಕರಣ ನ್ಯಾಯಾಲಯಗಳಲ್ಲಿ ವರ್ಷಗಟ್ಟಲೆ ನಡೆಯಿತು. 2022ರಲ್ಲಿ ಶಿಕ್ಷೆಯ ತೀರ್ಪು ರದ್ದಾಯಿತು, 2023ರಲ್ಲಿ ಮೇಲ್ಮನವಿಯಲ್ಲಿ ಅದು ಮರುಸ್ಥಾಪನೆಯಾಯಿತು. ಆದ್ದರಿಂದ ಅದನ್ನು 2014ರಲ್ಲಿ ನಡೆದ ಒಂದು ತನಿಖೆಯಾಗಿ ಕೇಳುವುದು ಸರಿ.

ಅದೇ ಬಳಗದಿಂದ 2017ರಲ್ಲಿ ಬಂದ ‘ಎಸ್-ಟೌನ್’ ಏಳು ಸಂಚಿಕೆಗಳ ಕಥನ. ಇದರ ನಡೆ ನಿಧಾನ, ಸುಳಿವುಗಳಿಗಿಂತ ಒಬ್ಬ ವ್ಯಕ್ತಿಯ ಸ್ವಭಾವವೇ ಇಲ್ಲಿ ಮುಖ್ಯವಾದ್ದರಿಂದ ಒಂದೆರಡು ನಿಮಿಷ ತಪ್ಪಿದರೂ ಎಳೆ ಕೈಬಿಡುವುದಿಲ್ಲ. ಆದರೆ ಅದರಲ್ಲಿ ಆತ್ಮಹತ್ಯೆಯ ಪ್ರಸ್ತಾಪ ವಿವರವಾಗಿ ಬರುತ್ತದೆ. ಕಚೇರಿಯ ಬಾಗಿಲು ತಳ್ಳುವ ಐದು ನಿಮಿಷ ಮುಂಚೆ ಕೇಳಬೇಕಾದ ವಿಷಯ ಅದಲ್ಲ, ಸಂಜೆಗಿಟ್ಟುಕೊಳ್ಳುವುದು ಲೇಸು. ಅಪರಾಧ ಕಥನಗಳ ಬಗ್ಗೆ ಒಟ್ಟಾರೆ ನನ್ನ ಅಭಿಪ್ರಾಯವೂ ಇದೇ: ಬೆಳಗಿನ ಹೊತ್ತಿಗೆ ಅವು ಸಲ್ಲವು, ಮತ್ತು ಸತ್ತವರ ಮನೆಯವರ ನೋವನ್ನು ಮನರಂಜನೆಯಾಗಿ ಬಡಿಸುವ ಅಗ್ಗದ ಅನುಕರಣೆಗಳು ಯಾವ ಹೊತ್ತಿಗೂ ಸಲ್ಲವು.

ಈ ಎರಡಕ್ಕೂ ಬೇರಿನಂತಿರುವ ‘ದಿಸ್ ಅಮೆರಿಕನ್ ಲೈಫ್’ 1995ರಲ್ಲಿ ಷಿಕಾಗೋದ ರೇಡಿಯೊದಲ್ಲಿ ಶುರುವಾದ ಕಾರ್ಯಕ್ರಮ. ಐರಾ ಗ್ಲಾಸ್ ನಿರೂಪಣೆಯಲ್ಲಿ ವಾರಕ್ಕೊಮ್ಮೆ ಬರುವ ಇದು ಸುಮಾರು ಒಂದು ಗಂಟೆ ನಡೆಯುತ್ತದೆ. ಧ್ವನಿ ವರದಿಗಾರಿಕೆಗೆ ಮೀಸಲಾದ ಪುಲಿಟ್ಜರ್ ಪ್ರಶಸ್ತಿಯನ್ನು 2020ರಲ್ಲಿ ಮೊದಲ ಬಾರಿಗೆ ಕೊಟ್ಟಾಗ ಅದು ಸಂದದ್ದು ಇದರ ಒಂದು ಸಂಚಿಕೆಗೆ. ಓಡಾಟದ ದೃಷ್ಟಿಯಿಂದ ಇದರ ದೊಡ್ಡ ಗುಣವೆಂದರೆ ಅಂಕಗಳ ವಿಂಗಡಣೆ. ಒಂದು ವಿಷಯಸೂತ್ರದ ಕೆಳಗೆ ಎರಡು, ಮೂರು ಬಿಡಿ ಕಥೆಗಳು ನಾಟಕದ ಅಂಕಗಳಂತೆ ಬರುತ್ತವೆ. ಮೊದಲ ಅಂಕದಲ್ಲಿ ದಾರಿ ತಪ್ಪಿದವರೂ ಎರಡನೆಯದರಲ್ಲಿ ಹೊಸದಾಗಿ ಸೇರಿಕೊಳ್ಳಬಹುದು. ಹೋಗುವಾಗ ಒಂದು ಅಂಕ, ಬರುವಾಗ ಉಳಿದದ್ದು ಎಂದು ಹಂಚಿಕೊಂಡರೂ ರಸ ಕೆಡುವುದಿಲ್ಲ. ‘ಸೀರಿಯಲ್’ನ ರೋಮಾಂಚನ ಇಲ್ಲಿಲ್ಲ, ನಿಜ. ಆದರೆ ವರ್ಷವಿಡೀ ಕೇಳಬಲ್ಲ ಕಾರ್ಯಕ್ರಮ ಯಾವುದೆಂದರೆ ನಾನು ಇದರತ್ತಲೇ ಬೆರಳು ತೋರಿಸುತ್ತೇನೆ.

ಮೂವರು ವಿದ್ವಾಂಸರು, ಒಂದು ವಿಷಯ

ಬಿಬಿಸಿ ರೇಡಿಯೊ 4ರ ‘ಇನ್ ಅವರ್ ಟೈಮ್’ 1998ರಿಂದ ನಡೆದುಬಂದಿರುವ ಚರ್ಚೆ. 2025ರವರೆಗೆ ಅದನ್ನು ನಡೆಸಿದವರು ಮೆಲ್ವಿನ್ ಬ್ರ್ಯಾಗ್. ಅವರ ಅವಧಿಯಲ್ಲಿ ಸಾವಿರಕ್ಕೂ ಹೆಚ್ಚು ಸಂಚಿಕೆಗಳು ಪ್ರಸಾರವಾದವು. ದ್ಯುತಿಸಂಶ್ಲೇಷಣೆಯಿಂದ ಹಿಡಿದು ಸಲಾಮಿಸ್ ನೌಕಾಯುದ್ಧದವರೆಗೆ ಯಾವ ವಿಷಯವೂ ಬರಬಹುದು, ಆದರೆ ಕಟ್ಟು ಮಾತ್ರ ಬದಲಾಗುವುದಿಲ್ಲ. ಆರಂಭದಲ್ಲಿ ಶೀರ್ಷಿಕೆ ಸಂಗೀತವಿಲ್ಲ, ನಗೆಚಾಟಿಕೆಯಿಲ್ಲ. ಬ್ರ್ಯಾಗ್ ನಡೆಸಿದ ಸಂಚಿಕೆಗಳಲ್ಲಿ ಅವರು ನಮಸ್ಕಾರ ಹೇಳಿದವರೇ ವಿಷಯವನ್ನು ಒಂದು ನಿಮಿಷದೊಳಗೆ ಮಂಡಿಸಿ, ಮೂವರು ವಿದ್ವಾಂಸರ ಹೆಸರು ಮತ್ತು ವಿಶ್ವವಿದ್ಯಾಲಯ ಹೇಳಿ, ಒಬ್ಬರಿಗೆ ಮೊದಲ ಪ್ರಶ್ನೆ ಹಾಕಿಬಿಡುತ್ತಾರೆ. ಮುಂದಿನ ಮುಕ್ಕಾಲು ಗಂಟೆ ಪ್ರಶ್ನೆ ಮೂವರ ನಡುವೆ ಸುತ್ತುತ್ತದೆ. ಉತ್ತರ ಅಡ್ಡದಾರಿ ಹಿಡಿದರೆ ಬ್ರ್ಯಾಗ್ ಮೊಟಕುಗೊಳಿಸುತ್ತಾರೆ, ಕೆಲವೊಮ್ಮೆ ಒರಟಾಗಿಯೇ.

ಇಷ್ಟು ಗಂಭೀರವಾದ ಕಾರ್ಯಕ್ರಮ ಬಸ್ಸಿನ ಗದ್ದಲಕ್ಕೆ ಹೇಗೆ ಒಗ್ಗೀತು ಎಂಬ ಅನುಮಾನ ಸಹಜ. ಒಗ್ಗುತ್ತದೆ, ಅದಕ್ಕೆ ಕಾರಣ ನಿರೂಪಕನ ಪ್ರಶ್ನೆಗಳು. ಪ್ರತಿ ನಾಲ್ಕೈದು ನಿಮಿಷಕ್ಕೊಮ್ಮೆ, ಇಲ್ಲಿಯವರೆಗೆ ಬಂದದ್ದನ್ನು ಒಂದು ವಾಕ್ಯದಲ್ಲಿ ಕಟ್ಟಿ, ಅದರ ಮೇಲೆಯೇ ಮುಂದಿನ ಪ್ರಶ್ನೆ ನಿಲ್ಲುತ್ತದೆ. ಗಮನ ತಪ್ಪಿದವರಿಗೆ ಅದೇ ಮರಳುವ ಬಾಗಿಲು. ಮೂವರ ಧ್ವನಿ ಬೇರೆ ಬೇರೆಯಾಗಿರುವುದರಿಂದ ಯಾರು ಮಾತಾಡುತ್ತಿದ್ದಾರೆಂಬ ಗೊಂದಲವೂ ಕಡಿಮೆ. ಪಾಡ್‌ಕಾಸ್ಟ್ ಆವೃತ್ತಿಯ ಕೊನೆಯಲ್ಲಿ ರೇಡಿಯೊದಲ್ಲಿ ಬರದ ಕೆಲವು ನಿಮಿಷಗಳಿರುತ್ತವೆ: ಯಾವ ಮಾತು ಬಿಟ್ಟುಹೋಯಿತೆಂದು ಬ್ರ್ಯಾಗ್ ಕೇಳುತ್ತಾರೆ, ಅದುವರೆಗೆ ಬಿಗಿಯಾಗಿದ್ದ ಪ್ರಾಧ್ಯಾಪಕರು ಸಡಿಲವಾಗಿ ಹರಟುತ್ತಾರೆ, ಕಡೆಗೆ ನಿರ್ಮಾಪಕರು ಒಳಬಂದು ಚಹಾ ಬೇಕೋ ಕಾಫಿ ಬೇಕೋ ಎಂದು ವಿಚಾರಿಸುತ್ತಾರೆ. ಮುಖ್ಯ ಚರ್ಚೆ ನಡೆಯುವಾಗಲೇ ನಿಮ್ಮ ನಿಲ್ದಾಣ ಬರುವಂತಿದ್ದರೆ ಈ ಬಾಲವನ್ನು ಬಿಟ್ಟರೆ ನಷ್ಟವಿಲ್ಲ. ಸಮಯವಿದ್ದರೆ ಬಿಡಬೇಡಿ, ಹಲವು ಸಲ ಅತ್ಯಂತ ಸ್ವಾರಸ್ಯದ ಮಾತು ಅಲ್ಲಿಯೇ ಬಂದಿರುತ್ತದೆ. ಸಂಚಿಕೆಗಳಿಗೆ ಪರಸ್ಪರ ಸಂಬಂಧವಿಲ್ಲದಿರುವುದರಿಂದ ಎಲ್ಲಿಂದ ಬೇಕಾದರೂ ತೊಡಗಬಹುದು.

ಅದೇ ಬಿಬಿಸಿಯ ‘ಡೆಸರ್ಟ್ ಐಲ್ಯಾಂಡ್ ಡಿಸ್ಕ್ಸ್’ 1942ರಲ್ಲಿ ಆರಂಭವಾದದ್ದು. ನಿರ್ಜನ ದ್ವೀಪಕ್ಕೆ ಹೋಗುವುದಾದರೆ ಯಾವ ಎಂಟು ಧ್ವನಿಮುದ್ರಿಕೆಗಳನ್ನು ಒಯ್ಯುತ್ತೀರಿ ಎಂದು ಅತಿಥಿಯನ್ನು ಕೇಳುತ್ತಾ ಅವರ ಬದುಕನ್ನು ಬಿಡಿಸುವುದು ಅದರ ಕ್ರಮ. ಎಂಟು ಹಾಡುಗಳೆಂದರೆ ಎಂಟು ಮೆಟ್ಟಿಲುಗಳು. ಯಾವ ಮೆಟ್ಟಿಲಿನ ಮೇಲೆ ನಿಲ್ಲಿಸಿದರೂ ಸಂಜೆ ಅಲ್ಲಿಂದಲೇ ಹತ್ತಬಹುದು. ಪಾಡ್‌ಕಾಸ್ಟ್‌ನಲ್ಲಿ ಹಕ್ಕುಸ್ವಾಮ್ಯದ ಕಾರಣದಿಂದ ಹಾಡುಗಳ ತುಣುಕು ಮಾತ್ರ ಇರುವುದು ಸಂಗೀತಪ್ರಿಯರಿಗೆ ಕೊರತೆ ಎನಿಸಬಹುದು. ಮಾತಿಗಾಗಿ ಕೇಳುವವರಿಗೆ ಅದೇ ಅನುಕೂಲ.

ಗಂಟೆಗಟ್ಟಲೆ ಒಬ್ಬನೇ ಹೇಳುವ ಇತಿಹಾಸ

ಇತಿಹಾಸದ ವಿಭಾಗದಲ್ಲಿ ಎರಡು ಹೆಸರುಗಳನ್ನು ಎದುರುಬದುರು ಇಟ್ಟು ನೋಡುವುದು ಉಪಯುಕ್ತ. ಮೈಕ್ ಡಂಕನ್ ಅವರ ‘ದ ಹಿಸ್ಟರಿ ಆಫ್ ರೋಮ್’ 2007ರಿಂದ 2012ರವರೆಗೆ ನಡೆದ, 179 ಸಂಖ್ಯೆಯ ಸಂಚಿಕೆಗಳಲ್ಲಿ ಮುಗಿದ ಸರಣಿ. ರೋಮ್ ನಗರದ ಸ್ಥಾಪನೆಯ ದಂತಕಥೆಯಿಂದ ಕ್ರಿ.ಶ. 476ರಲ್ಲಿ ಪಶ್ಚಿಮ ಸಾಮ್ರಾಜ್ಯ ಕೊನೆಗೊಳ್ಳುವವರೆಗೆ ಒಂದೇ ದಾರದಲ್ಲಿ ಸಾಗುತ್ತದೆ. ಡ್ಯಾನ್ ಕಾರ್ಲಿನ್ ಅವರ ‘ಹಾರ್ಡ್‌ಕೋರ್ ಹಿಸ್ಟರಿ’ಯಲ್ಲಿ ಮೊದಲ ಮಹಾಯುದ್ಧದ ಕುರಿತಾದ ಸರಣಿಯೊಂದೇ ಆರು ಭಾಗಗಳಲ್ಲಿ ಇಪ್ಪತ್ತು ಗಂಟೆ ದಾಟುತ್ತದೆ, ಒಂದೊಂದು ಭಾಗ ಮೂರು, ನಾಲ್ಕು ಗಂಟೆಯಷ್ಟು ಉದ್ದ.

ಕೇಳುವ ಅನುಭವದಲ್ಲಿ ಇವೆರಡೂ ಅಜಗಜಾಂತರ. ಡಂಕನ್ ಧ್ವನಿ ಏರುವುದಿಲ್ಲ, ಇಳಿಯುವುದಿಲ್ಲ. ಬರೆದುಕೊಂಡದ್ದನ್ನು ಓದುತ್ತಾ, ನಡುನಡುವೆ ಒಣಹಾಸ್ಯದ ಒಂದು ಮಾತು ತೂರಿಸುತ್ತಾ ಹೋಗುತ್ತಾರೆ. ಆರಂಭದ ಸಂಚಿಕೆಗಳು ಕಾಲು ಗಂಟೆಯ ಆಸುಪಾಸು, ನಂತರದವು ಅರ್ಧ ಗಂಟೆಯ ಹತ್ತಿರ. ಅಂದರೆ ಒಂದು ಕಡೆಯ ಪ್ರಯಾಣಕ್ಕೆ ಒಂದೋ ಎರಡೋ ಸಂಚಿಕೆ ಸರಿಯಾಗಿ ಹೊಂದುತ್ತವೆ. ಮೊದಲಿನವುಗಳ ಧ್ವನಿಮುದ್ರಣ ಅಷ್ಟು ಚೆನ್ನಾಗಿಲ್ಲ, ಗದ್ದಲದಲ್ಲಿ ತುಸು ಕಷ್ಟ. ಒಂದಿಷ್ಟು ಮುಂದೆ ಹೋದ ಮೇಲೆ ಸುಧಾರಿಸುತ್ತದೆ. ಒಬ್ಬ ಚಕ್ರವರ್ತಿಯ ಹೆಸರು ಕೇಳಿಸದೆ ಹೋದರೂ ಮುಂದಿನ ಚಕ್ರವರ್ತಿ ಬರುವಷ್ಟರಲ್ಲಿ ದಾರಿ ಸಿಕ್ಕಿರುತ್ತದೆ. ರೋಮ್‌ನಲ್ಲಿ ಚಕ್ರವರ್ತಿಗಳಿಗೆ ಬರವಿರಲಿಲ್ಲ.

ಕಾರ್ಲಿನ್ ಹಾಗಲ್ಲ. ಧ್ವನಿ ಪಿಸುಮಾತಿನಿಂದ ಗರ್ಜನೆಯವರೆಗೆ ಹೋಗುತ್ತದೆ, ಸೈನಿಕರ ದಿನಚರಿಗಳನ್ನು, ಪತ್ರಗಳನ್ನು ಓದುತ್ತಾರೆ, ಕೇಳುಗನನ್ನು ಕಂದಕದೊಳಗೆ ನಿಲ್ಲಿಸಿ ಅಲ್ಲಿ ನೀನಿದ್ದಿದ್ದರೆ ಏನು ಮಾಡುತ್ತಿದ್ದೆ ಎಂದು ಕೇಳುತ್ತಾರೆ. ತಾನು ಇತಿಹಾಸಕಾರನಲ್ಲ ಎಂದು ಅವರೇ ಪದೇ ಪದೇ ಹೇಳಿಕೊಳ್ಳುತ್ತಾರೆ, ಅದನ್ನು ನೆನಪಿಟ್ಟೇ ಕೇಳಬೇಕು. ನಾಲ್ಕು ಗಂಟೆಯ ಸಂಚಿಕೆಯನ್ನು ನಲವತ್ತು ನಿಮಿಷದ ತುಂಡುಗಳಾಗಿ ಕೇಳಿದರೆ ಆರು ಪ್ರಯಾಣ, ಅಂದರೆ ಮೂರು ದಿನ ಬೇಕು. ಮಧ್ಯೆ ಒಂದು ವಾರಾಂತ್ಯ ಬಂದರೆ ಸೋಮವಾರ ಬೆಳಗ್ಗೆ ಯಾವ ಸೇನೆ ಯಾವ ನದಿಯ ಯಾವ ದಡದಲ್ಲಿತ್ತೆಂದು ನೆನಪಾಗುವುದಿಲ್ಲ. ಹೀಗಿದ್ದೂ ಒಂದೇ ಓಟದಲ್ಲಿ ಎರಡು ಗಂಟೆ ಹೆದ್ದಾರಿಯಲ್ಲಿ ಸಾಗುವವರಿಗೆ ಇದಕ್ಕೆ ಸಾಟಿಯಿಲ್ಲ. ದಿನಕ್ಕೆ ಎರಡು ತುಂಡು ಅರ್ಧರ್ಧ ಗಂಟೆಯ ಓಡಾಟವಿರುವವರು ಡಂಕನ್ ಅವರನ್ನೇ ಆರಿಸಿಕೊಳ್ಳಲಿ. ಇನ್ನೊಂದು ವ್ಯತ್ಯಾಸ ಹಣದ್ದು: ರೋಮ್ ಸರಣಿ ಪೂರ್ತಿ ಉಚಿತ, ಕಾರ್ಲಿನ್ ಅವರ ಹೊಸ ಸಂಚಿಕೆಗಳು ಉಚಿತವಾದರೂ ಹಳೆಯವನ್ನು ಅವರು ಮಾರುತ್ತಾರೆ.

ಇಬ್ಬರು ಕೂಡಿ ಮಾತಾಡುವ ಇತಿಹಾಸವೂ ಈಗ ಜನಪ್ರಿಯ. ಟಾಮ್ ಹಾಲೆಂಡ್ ಮತ್ತು ಡೊಮಿನಿಕ್ ಸ್ಯಾಂಡ್‌ಬ್ರೂಕ್ 2020ರಲ್ಲಿ ಆರಂಭಿಸಿದ ‘ದ ರೆಸ್ಟ್ ಈಸ್ ಹಿಸ್ಟರಿ’, ವಿಲಿಯಂ ಡಾಲ್ರಿಂಪಲ್ ಮತ್ತು ಅನಿತಾ ಆನಂದ್ 2022ರಲ್ಲಿ ಆರಂಭಿಸಿದ ‘ಎಂಪೈರ್’ ಎರಡೂ ಈ ಬಗೆಯವು. ಒಬ್ಬರು ಹೇಳಿದ್ದನ್ನು ಇನ್ನೊಬ್ಬರು ಕೇಳಿ, ಕೆಣಕಿ, ಬೇರೆ ಮಾತಿನಲ್ಲಿ ಮತ್ತೆ ಹೇಳುವುದರಿಂದ ಪ್ರತಿ ವಿಷಯವೂ ಕಿವಿಗೆ ಎರಡು ಬಾರಿ ಬೀಳುತ್ತದೆ. ಮನೆಯಲ್ಲಿ ಕೇಳುವಾಗ ಉದ್ದವೆನಿಸುವ ಈ ಪುನರುಕ್ತಿ ದಾರಿಯಲ್ಲಿ ಕೇಳುವಾಗ ಉಪಕಾರಿ.

ಧ್ವನಿಯ ಕುಸುರಿ ಮತ್ತು ಬಸ್ಸಿನ ಗದ್ದಲ

ಜ್ಯಾಡ್ ಅಬುಮ್ರಾಡ್ 2002ರಲ್ಲಿ ನ್ಯೂಯಾರ್ಕ್‌ನ ರೇಡಿಯೊದಲ್ಲಿ ಆರಂಭಿಸಿದ ‘ರೇಡಿಯೊಲ್ಯಾಬ್’ ವಿಜ್ಞಾನವನ್ನು ಧ್ವನಿಯಿಂದಲೇ ಚಿತ್ರಿಸುವ ಕಾರ್ಯಕ್ರಮ. ಸಂಗೀತ, ಪ್ರತಿಧ್ವನಿ, ಒಬ್ಬರ ವಾಕ್ಯವನ್ನು ಇನ್ನೊಬ್ಬರು ಮುಗಿಸುವ ಜೋಡಣೆ, ಇದ್ದಕ್ಕಿದ್ದಂತೆ ಬರುವ ಮೌನ ಎಲ್ಲವೂ ಅರ್ಥದ ಭಾಗವೇ. ಹೃಷಿಕೇಶ್ ಹಿರ್ವೇ 2014ರಲ್ಲಿ ಆರಂಭಿಸಿದ ‘ಸಾಂಗ್ ಎಕ್ಸ್‌ಪ್ಲೋಡರ್’ನಲ್ಲಿ ಸಂಗೀತಗಾರರು ತಮ್ಮ ಒಂದು ಹಾಡನ್ನು ಪದರ ಪದರವಾಗಿ ಬಿಡಿಸಿ ತೋರಿಸುತ್ತಾರೆ: ಮೊದಲು ಡ್ರಮ್ ಒಂದೇ, ಅದರ ಮೇಲೆ ಗಿಟಾರ್, ಮತ್ತೆ ಕಂಠ, ಕೊನೆಯಲ್ಲಿ ಇಡೀ ಹಾಡು. ಇಪ್ಪತ್ತು ನಿಮಿಷದ ಆಸುಪಾಸಿನ ಈ ಸಂಚಿಕೆಗಳು ಅಳತೆಯಲ್ಲಿ ಓಡಾಟಕ್ಕೆ ಸರಿಯಾಗಿಯೇ ಇವೆ. ತೊಡಕಿರುವುದು ಸುತ್ತಲ ಸದ್ದಿನಲ್ಲಿ.

ವಾಹನದ ಎಂಜಿನ್ನು, ಚಕ್ರ, ಗಾಳಿ ಇವುಗಳ ಸದ್ದು ಹೆಚ್ಚಾಗಿ ಕೆಳಗಿನ ಆವರ್ತನಗಳಲ್ಲಿ ಇರುತ್ತದೆ. ಅದು ಮೊದಲು ನುಂಗುವುದು ಬೇಸ್ ಗಿಟಾರಿನ ನಾದವನ್ನು, ತಗ್ಗಿದ ಗಂಡಸಿನ ಧ್ವನಿಯನ್ನು, ಪಿಸುಮಾತನ್ನು. ಕೇಳಿಸದ ಭಾಗಕ್ಕಾಗಿ ಧ್ವನಿ ಏರಿಸಿದರೆ ಮರುಕ್ಷಣವೇ ಬರುವ ಸಂಗೀತ ಕಿವಿಗೆ ರಾಚುತ್ತದೆ. ಸದ್ದು ತಗ್ಗಿಸುವ ನಾಯ್ಸ್ ಕ್ಯಾನ್ಸಲಿಂಗ್ ಹೆಡ್‌ಫೋನ್ ಇಂಥ ಒಂದೇ ಸಮನಾದ ಗುಂಯ್‌ಗುಡುವಿಕೆಯ ಮೇಲೆಯೇ ಚೆನ್ನಾಗಿ ಕೆಲಸ ಮಾಡುತ್ತದೆ, ಪಕ್ಕದವರ ಮಾತಿನ ಮೇಲೆ ಅದರ ಪ್ರಭಾವ ಅಷ್ಟಿಲ್ಲ. ಅಂಥ ಹೆಡ್‌ಫೋನ್ ಇದ್ದರೆ ‘ರೇಡಿಯೊಲ್ಯಾಬ್’ ಕೇಳಿ. ಇಲ್ಲದಿದ್ದರೆ ಅದನ್ನು ಸಂಜೆಯ ನಡಿಗೆಗೆ ಇಟ್ಟುಕೊಂಡು, ದಾರಿಗೆ ರೋಮನ್ ಮಾರ್ಸ್ ಅವರ ‘99 ಪರ್ಸೆಂಟ್ ಇನ್‌ವಿಸಿಬಲ್’ ಆರಿಸಿಕೊಳ್ಳುವುದು ಮೇಲು. 2010ರಿಂದ ಬರುತ್ತಿರುವ ಈ ಕಾರ್ಯಕ್ರಮ ನಾವು ದಿನವೂ ಕಂಡು ಗಮನಿಸದ ವಸ್ತುಗಳ, ಕಟ್ಟಡಗಳ ವಿನ್ಯಾಸದ ಕುರಿತದ್ದು. ಇದರಲ್ಲೂ ಸಂಗೀತವಿದೆ, ಆದರೆ ಮಾತಿನ ಮೇಲೇರಿ ಕೂರುವುದಿಲ್ಲ. ಆರಂಭದ ಸಂಚಿಕೆಗಳು ಐದು ನಿಮಿಷದ ಆಸುಪಾಸಿನವು. ನಿಲ್ದಾಣದಿಂದ ಕಚೇರಿಗೆ ನಡೆಯುವ ಕೊನೆಯ ತುಂಡಿಗೆ ಅಷ್ಟು ಸಾಕು.

ಧ್ವನಿ ಏರಿಸುವ ಮಾತು ಬಂದದ್ದರಿಂದ ಒಂದು ಎಚ್ಚರಿಕೆ. ದೊಡ್ಡವರಿಗೆ ವಾರಕ್ಕೆ 40 ಗಂಟೆ, 80 ಡೆಸಿಬೆಲ್ ಎಂಬುದು ವಿಶ್ವ ಆರೋಗ್ಯ ಸಂಸ್ಥೆ ಸೂಚಿಸಿರುವ ಸುರಕ್ಷಿತ ಮಿತಿ. ಮೂರು ಡೆಸಿಬೆಲ್ ಏರಿದರೆ ಆ ಅವಧಿ ಅರ್ಧಕ್ಕಿಳಿಯುತ್ತದೆ. ದಿನಕ್ಕೆ ಎರಡು ಗಂಟೆಯಂತೆ ವಾರಕ್ಕೆ ಹತ್ತು ಗಂಟೆ ಕೇಳುವವರು ಸುಮಾರು 86 ಡೆಸಿಬೆಲ್ ದಾಟುವಂತಿಲ್ಲ ಎಂದಾಯಿತು. ಗದ್ದಲದ ಬಸ್ಸಿನಲ್ಲಿ ಸಾಧಾರಣ ಇಯರ್‌ಫೋನ್ ಹಾಕಿ, ಗದ್ದಲವನ್ನು ಮೀರುವಂತೆ ಧ್ವನಿ ಏರಿಸುವವರು ಈ ಗೆರೆಯನ್ನು ಅರಿವಿಲ್ಲದೆಯೇ ದಾಟಬಲ್ಲರು.

ಸುದ್ದಿ, ಹರಟೆ ಮತ್ತು ಉಳಿದವು

ಸುದ್ದಿಯ ಪಾಡ್‌ಕಾಸ್ಟ್‌ಗಳ ಬಗ್ಗೆ ಹೆಚ್ಚು ಹೇಳುವುದಿಲ್ಲ. ನ್ಯೂಯಾರ್ಕ್ ಟೈಮ್ಸ್‌ನ ‘ದ ಡೈಲಿ’ 2017ರಿಂದ, ಒಂದು ಸುದ್ದಿಯನ್ನೆತ್ತಿಕೊಂಡು ಅರ್ಧ ಗಂಟೆಯ ಆಸುಪಾಸಿನಲ್ಲಿ ಬಿಡಿಸುತ್ತದೆ. ಅಮೆರಿಕದ ಸಾರ್ವಜನಿಕ ರೇಡಿಯೊ ಸಂಸ್ಥೆ ಎನ್‌ಪಿಆರ್‌ನ ‘ಅಪ್ ಫಸ್ಟ್’ ಕಾಲು ಗಂಟೆಯೊಳಗೆ ಆ ಬೆಳಗಿನ ಮೂರು ಮುಖ್ಯ ಸುದ್ದಿಗಳನ್ನು ಮುಗಿಸುತ್ತದೆ. ಮಾಹಿತಿಯಷ್ಟೇ ಬೇಕಾದವರಿಗೆ ಎರಡನೆಯದು, ಕಾರಣ ಬೇಕಾದವರಿಗೆ ಮೊದಲನೆಯದು. ಎರಡಕ್ಕೂ ಆಯಸ್ಸು ಒಂದು ದಿನ. ಕೇಳದೆ ಉಳಿದ ಸಂಚಿಕೆಗಳನ್ನು ಕರುಣೆಯಿಲ್ಲದೆ ಅಳಿಸಬೇಕು, ಇಲ್ಲದಿದ್ದರೆ ಪಟ್ಟಿ ಬೆಳೆದು ಸಾಲದಂತೆ ಕಾಡುತ್ತದೆ. ಅರ್ಥಶಾಸ್ತ್ರದ ‘ಪ್ಲಾನೆಟ್ ಮನಿ’ 2008ರ ಆರ್ಥಿಕ ಬಿಕ್ಕಟ್ಟಿನ ವರ್ಷದಲ್ಲಿ ಹುಟ್ಟಿದ್ದು, ಸಂಚಿಕೆಗಳು ಅರ್ಧ ಗಂಟೆಯೊಳಗೆ ಮುಗಿಯುತ್ತವೆ. ಅವು ಸುದ್ದಿಯಷ್ಟು ಬೇಗ ಹಳಸುವುದಿಲ್ಲ ಎಂಬುದು ಅದರ ಹೆಚ್ಚುಗಾರಿಕೆ.

ಹರಟೆಯ ಕಾರ್ಯಕ್ರಮಗಳು ನನ್ನ ಅಳತೆಗೋಲಿನಲ್ಲಿ ಸುಲಭವಾಗಿ ಗೆಲ್ಲುತ್ತವೆ, ಏಕೆಂದರೆ ಹತ್ತು ನಿಮಿಷ ತಪ್ಪಿದರೂ ಏನೂ ತಪ್ಪಿರುವುದಿಲ್ಲ. ಅದೇ ಅವುಗಳ ದೋಷವೂ ಹೌದು. ಹತ್ತು ನಿಮಿಷ ತಪ್ಪಿದರೂ ನಷ್ಟವಿಲ್ಲದ ಮಾತನ್ನು ಇಡೀ ಗಂಟೆ ಏಕೆ ಕೇಳಬೇಕು ಎಂಬ ಪ್ರಶ್ನೆ ಏಳುತ್ತದೆ. ಈ ಬಗೆಯಲ್ಲಿ ಗಟ್ಟಿಯಾದದ್ದೆಂದರೆ ಅಮಿತ್ ವರ್ಮಾ ಅವರ ‘ದ ಸೀನ್ ಅಂಡ್ ದ ಅನ್‌ಸೀನ್’. 2017ರಲ್ಲಿ ಆರಂಭವಾದಾಗ ಇಪ್ಪತ್ತು ನಿಮಿಷದ ಆಸುಪಾಸಿನಲ್ಲಿದ್ದ ಸಂಚಿಕೆಗಳು ಬರಬರುತ್ತಾ ಹಲವು ಗಂಟೆಗಳ ಸಂದರ್ಶನಗಳಾಗಿ ಬೆಳೆದವು. ಒಂದೇ ಸಂಚಿಕೆ ವಾರವಿಡೀ ಒದಗಬಲ್ಲದು, ಮತ್ತು ಸಂಭಾಷಣೆ ನಿಧಾನವಾಗಿ ವಿಷಯದಿಂದ ವಿಷಯಕ್ಕೆ ಸರಿಯುವುದರಿಂದ ತುಂಡು ತುಂಡಾಗಿ ಕೇಳಲು ಅಡ್ಡಿಯಿಲ್ಲ. ಕನ್ನಡದಲ್ಲಿ ‘ತಲೆ-ಹರಟೆ ಕನ್ನಡ ಪಾಡ್‌ಕಾಸ್ಟ್’ ಹೆಸರಿಗೆ ಹರಟೆಯಾದರೂ ಒಂದೊಂದು ಸಂಚಿಕೆಗೆ ಒಂದು ವಿಷಯ ಹಿಡಿದು ಮಾತಾಡುತ್ತದೆ. ಭಾಷೆಯೂ ಒಂದು ಲೆಕ್ಕವೇ: ದಣಿದ ಸಂಜೆ, ಗದ್ದಲದ ನಡುವೆ, ತಾಯ್ನುಡಿಯ ಅರ್ಧ ವಾಕ್ಯ ಕಿವಿಗೆ ಬಿದ್ದರೂ ಉಳಿದರ್ಧವನ್ನು ಮನಸ್ಸು ತುಂಬಿಕೊಳ್ಳುತ್ತದೆ. ಕಲಿತ ಭಾಷೆಯಲ್ಲಿ, ಅದರಲ್ಲೂ ಪರಿಚಯವಿಲ್ಲದ ಉಚ್ಚಾರದಲ್ಲಿ, ಆ ಸೌಲಭ್ಯವಿಲ್ಲ.

ಹೊಸ ಭಾಷೆ ಕಲಿಸುವ ಪಾಡ್‌ಕಾಸ್ಟ್‌ಗಳು ಒಂಟಿಯಾಗಿ ಕಾರಿನಲ್ಲಿ ಹೋಗುವವರಿಗೆ ಮಾತ್ರ ಹೇಳಿದ್ದು. ಗಟ್ಟಿಯಾಗಿ ಹೇಳಿ ಎಂದು ಅವು ಕೇಳುತ್ತವೆ. ತುಂಬಿದ ರೈಲಿನಲ್ಲಿ ಫ್ರೆಂಚ್ ಕ್ರಿಯಾಪದಗಳನ್ನು ಗಟ್ಟಿಯಾಗಿ ಉಚ್ಚರಿಸುವ ಧೈರ್ಯ ಎಲ್ಲರಿಗಿಲ್ಲ.

ಚಾಲಕರು, ಪ್ರಯಾಣಿಕರು, ಗಡಿಯಾರ

ವಾಹನ ಓಡಿಸುವವರ ಆಯ್ಕೆ ಇನ್ನಷ್ಟು ಬಿಗಿಯಾಗಿರಬೇಕು. ಕಣ್ಣ ಮುಂದೆ ಚಿತ್ರ ಕಟ್ಟಿಸುವ, ಉದ್ವೇಗ ಏರಿಸುವ ಕಥನಗಳನ್ನು ದಟ್ಟಣೆಯ ರಸ್ತೆಯಲ್ಲಿ ಕೇಳಬಾರದೆಂಬುದು ನನ್ನ ದೃಢ ಅಭಿಪ್ರಾಯ. ಡಂಕನ್ ಅವರ ಸಮಧ್ವನಿ, ಇಬ್ಬರ ಸಂಭಾಷಣೆ, ಅಂಕಗಳಾಗಿ ಒಡೆದ ಕಾರ್ಯಕ್ರಮ ಇವು ತಕ್ಕವು. ಇಯರ್‌ಫೋನ್ ಬದಲು ವಾಹನದ ಸ್ಪೀಕರ್ ಬಳಸಬೇಕು. ಫ್ರಾನ್ಸ್‌ನಂಥ ದೇಶದಲ್ಲಿ 2015ರಿಂದ ಚಾಲಕರು, ಸೈಕಲ್ ಸವಾರರೂ ಸೇರಿ, ಇಯರ್‌ಫೋನ್ ಹಾಕುವುದೇ ನಿಷಿದ್ಧ. ಹೊರಡುವ ಮುನ್ನವೇ ಸಂಚಿಕೆಗಳನ್ನು ಒಂದರ ಹಿಂದೆ ಒಂದು ಸಾಲಾಗಿ ಜೋಡಿಸಿಟ್ಟರೆ ದಾರಿಯಲ್ಲಿ ಪರದೆ ಮುಟ್ಟುವ ಪ್ರಮೇಯ ಬಾರದು.

ಸಂಚಿಕೆಯ ಉದ್ದ ಪ್ರಯಾಣಕ್ಕಿಂತ ಸ್ವಲ್ಪ ಹೆಚ್ಚಾಗಿದ್ದರೆ ವೇಗ ಬದಲಿಸಿ ಹೊಂದಿಸಬಹುದು. 1.25 ಪಟ್ಟು ವೇಗದಲ್ಲಿ ಒಂದು ಗಂಟೆಯ ಸಂಚಿಕೆ 48 ನಿಮಿಷವಾಗುತ್ತದೆ, 1.5 ಪಟ್ಟಿನಲ್ಲಿ 40 ನಿಮಿಷ. ಉಪನ್ಯಾಸದಂಥ ಒಂಟಿ ಧ್ವನಿ 1.25ಕ್ಕೆ ತಡೆಯುತ್ತದೆ, ‘ರೇಡಿಯೊಲ್ಯಾಬ್’, ‘ಸಾಂಗ್ ಎಕ್ಸ್‌ಪ್ಲೋಡರ್’ ಮುಂತಾದವನ್ನು ಓಡಿಸಿ ಕೇಳುವುದು ಅವುಗಳಿಗೆ ಮಾಡುವ ಅನ್ಯಾಯ. ‘ಓವರ್‌ಕ್ಯಾಸ್ಟ್’, ‘ಪಾಕೆಟ್ ಕ್ಯಾಸ್ಟ್ಸ್’ ಮೊದಲಾದ ಆ್ಯಪ್‌ಗಳು ಮಾತಿನ ನಡುವಿನ ಮೌನವನ್ನಷ್ಟೇ ಕತ್ತರಿಸಿ ಸಮಯ ಉಳಿಸುತ್ತವೆ, ಮಾತಿನ ವೇಗ ಹಾಗೆಯೇ ಉಳಿಯುವುದರಿಂದ ಚರ್ಚೆಯ ಕಾರ್ಯಕ್ರಮಗಳಿಗೆ ಇದು ಹೆಚ್ಚು ಹಿತ. ಆ್ಯಂಡ್ರಾಯ್ಡ್‌ನಲ್ಲಿ ಜಾಹೀರಾತಿಲ್ಲದ, ಮುಕ್ತ ತಂತ್ರಾಂಶವೇ ಬೇಕೆಂದರೆ ‘ಆ್ಯಂಟೆನಾಪಾಡ್’ ಇದೆ. ಗೂಗಲ್ ತನ್ನ ಪಾಡ್‌ಕಾಸ್ಟ್ ಆ್ಯಪ್ ಅನ್ನು 2024ರಲ್ಲಿ ಮುಚ್ಚಿದ್ದರಿಂದ, ಹಳೆಯ ಮಾರ್ಗದರ್ಶಿಗಳಲ್ಲಿ ಅದರ ಹೆಸರು ಕಂಡವರು ಹುಡುಕಿ ಬಳಲಬೇಕಿಲ್ಲ. ಯಾವ ಆ್ಯಪ್ ಆದರೂ ಚಂದಾ ಪಟ್ಟಿಯನ್ನು ಹೊರತೆಗೆದು ಇನ್ನೊಂದಕ್ಕೆ ಒಯ್ಯಲು ಬಿಡುತ್ತದೆಯೇ ಎಂದು ಮೊದಲೇ ನೋಡಿಕೊಳ್ಳಿ.

ಸುರಂಗದಲ್ಲಿ, ಊರ ಹೊರಗೆ ಸಂಪರ್ಕ ಕಡಿಯುವುದು ಖಚಿತವಾದ್ದರಿಂದ ಸಂಚಿಕೆಗಳನ್ನು ರಾತ್ರಿಯೇ ವೈಫೈಯಲ್ಲಿ ಇಳಿಸಿಕೊಳ್ಳಬೇಕು. 128 ಕಿಲೋಬಿಟ್ ದರದ ಕಡತ ನಿಮಿಷಕ್ಕೆ ಹತ್ತಿರ ಹತ್ತಿರ ಒಂದು ಎಂಬಿ ಜಾಗ ಹಿಡಿಯುತ್ತದೆ, 64 ಕಿಲೋಬಿಟ್ ಆದರೆ ಅದರ ಅರ್ಧ. ವಾರದ ಹತ್ತು ಗಂಟೆಗೆ ಹೆಚ್ಚೆಂದರೆ 600 ಎಂಬಿ. ಈಗ ಹಲವು ಕಾರ್ಯಕ್ರಮಗಳಲ್ಲಿ ಜಾಹೀರಾತನ್ನು ಇಳಿಸಿಕೊಳ್ಳುವ ಹೊತ್ತಿಗೆ ಸೇರಿಸುವ ಪದ್ಧತಿ ಇರುವುದರಿಂದ ಒಂದೇ ಸಂಚಿಕೆ ಇಬ್ಬರ ಫೋನಿನಲ್ಲಿ ಬೇರೆ ಬೇರೆ ಉದ್ದವಾಗಿರಬಹುದು. ಪಟ್ಟಿಯಲ್ಲಿ ಕಾಣುವ ನಿಮಿಷಗಳನ್ನು ನಂಬಿ ತೀರಾ ಬಿಗಿಯಾಗಿ ಲೆಕ್ಕ ಹಾಕುವುದು ಬೇಡ.

ಹಾಗಾದರೆ ಯಾವುದರಿಂದ ತೊಡಗಬೇಕು? ಅರ್ಧ ಗಂಟೆಗಿಂತ ಕಡಿಮೆಯ, ಒಡೆದ ಓಡಾಟವಾದರೆ ‘99 ಪರ್ಸೆಂಟ್ ಇನ್‌ವಿಸಿಬಲ್’. ಆಸನ ಸಿಗುವ ಮುಕ್ಕಾಲು ಗಂಟೆಯ ರೈಲಾದರೆ ಬೆಳಗ್ಗೆ ‘ಇನ್ ಅವರ್ ಟೈಮ್’, ಸಂಜೆ ‘ಸೀರಿಯಲ್’ ಅಥವಾ ‘ದಿಸ್ ಅಮೆರಿಕನ್ ಲೈಫ್’. ಹೆದ್ದಾರಿಯ ಉದ್ದನೆಯ ಓಟವಾದರೆ ಕಾರ್ಲಿನ್. ಒಂದನ್ನೇ ಹೆಸರಿಸಬೇಕೆಂದರೆ ನನ್ನ ಮತ ‘ಇನ್ ಅವರ್ ಟೈಮ್’ಗೆ, ಆದರೆ ಮೊದಲ ಸಂಚಿಕೆ ಆರಿಸುವಾಗ ಈಗಾಗಲೇ ಅಷ್ಟಿಷ್ಟು ಗೊತ್ತಿರುವ ವಿಷಯವನ್ನೇ ಹಿಡಿಯಿರಿ, ಮೂವರು ವಿದ್ವಾಂಸರ ಧ್ವನಿಗೂ ಬ್ರ್ಯಾಗ್ ಅವರ ಅವಸರಕ್ಕೂ ಕಿವಿ ಒಗ್ಗಿದ ಮೇಲೆ, ಎರಡನೆಯ ವಾರದಲ್ಲಿ, ಹೆಸರೂ ಕೇಳಿರದ ವಿಷಯಕ್ಕೆ ಕೈ ಹಾಕಬಹುದು.